ಒಂದೂವರೆ ಗೆರೆ

4 ಫೆಬ್ರವರಿ 1986

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಎರಡು ವರ್ಷದಿಂದ ಒಂದು ಸಾಲೂ ಬರೆಯದವನು ಈಗ ಪೆಟ್ಟಿಗೆ ಸಮೇತ ಕಾಗದ ಕಳಿಸಿದ್ದಾನೆ ಎಂದರೆ ಏನೋ ಕೆಲಸ ಬಿದ್ದಿರಬೇಕು ಎಂದುಕೊಳ್ಳುತ್ತೀಯ. ಅಂದುಕೋ, ತಪ್ಪಿಲ್ಲ. ಕಾಗದದ ಮಿಲ್ಲಿನ ಕೆಲಸವೇ ಹಾಗೆ. ಬೆಳಿಗ್ಗೆ ಒಳಗೆ ಹೋದವನಿಗೆ ಹೊರಗೆ ಬಿಸಿಲಿತ್ತೋ ಮೋಡವಿತ್ತೋ ತಿಳಿಯುವುದಿಲ್ಲ. ಹೋದ ಸೆಪ್ಟೆಂಬರಿನಲ್ಲಿ ಹೊಸ ಯಂತ್ರ ಕೂರಿಸಿದೆವು. ಪೂರ್ತಿ ಜವಾಬ್ದಾರಿ ನನ್ನದೇ. ಹೇಳಿದ ದಿನಕ್ಕಿಂತ ಹತ್ತೊಂಬತ್ತು ದಿನ ಮೊದಲೇ ಓಡಿಸಿ ತೋರಿಸಿದೆ. ದೊಡ್ಡವರೆಲ್ಲ ಬಂದು ಕೈ ಕುಲುಕಿದರು.

ಈ ಕಾಗದ ತಂದವನು ನಮ್ಮ ಉಗ್ರಾಣದ ಗುಮಾಸ್ತ. ಪೆಟ್ಟಿಗೆಯಲ್ಲಿರುವುದು ಒಂದು ರಸಮಟ್ಟ. ಗಾರೆಯವರು ಗೋಡೆಗೆ ಹಿಡಿಯುವಂಥದ್ದಲ್ಲ, ಮೂವತ್ತೆರಡು ವರ್ಷ ಉಪಕರಣ ಕೊಠಡಿಯಲ್ಲಿ ನಿನ್ನ ಕೈಗೆ ಪಳಗಿದ ಜಾತಿಯದು. ನಮ್ಮ ಫಿಟ್ಟರ್ ಒಬ್ಬ ಬಳಸುತ್ತಿದ್ದ. ತಪ್ಪು ತೋರಿಸುತ್ತದೆ ಎಂದು ಇಲ್ಲಿ ಎಲ್ಲರಿಗೂ ಅನುಮಾನ. ಪ್ರಯೋಗಾಲಯಕ್ಕೆ ಕಳಿಸಿದರೆ ಎರಡು ತಿಂಗಳು ಹಿಡಿಯುತ್ತದೆ. ನಿನ್ನ ಮನೆಯಲ್ಲಿ ಆ ಕಪ್ಪು ಕಲ್ಲಿನ ಚಪ್ಪಡಿ ಇನ್ನೂ ಇದೆಯಲ್ಲ, ಅದರ ಮೇಲಿಟ್ಟು ನೋಡಿ, ಎಷ್ಟು ತಪ್ಪಿದೆ ಎಂದು ನಾಲ್ಕು ಸಾಲು ಬರೆದುಕೊಡು. ಗುಮಾಸ್ತ ಮರುದಿನದ ರೈಲಿಗೇ ಹಿಂತಿರುಗಬೇಕು.

ವಿಶೇಷವೇನೂ ಇಲ್ಲ, ಮಾಮೂಲಿ ತಪಾಸಣೆ. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ

7 ಫೆಬ್ರವರಿ 1986

ತಮ್ಮಾ,

ಮೊದಲು ಬೈಗುಳ, ಆಮೇಲೆ ಲೆಕ್ಕ.

ಇಂಥ ವಸ್ತುವನ್ನ ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸಿದವನು ಯಾರು? ನಿಮ್ಮ ಗುಮಾಸ್ತ ಅದನ್ನ ರೈಲಿನಲ್ಲಿ ಸೀಟಿನ ಕೆಳಗೆ ತಳ್ಳಿ, ಅದರ ಮೇಲೆ ಕಾಲಿಟ್ಟುಕೊಂಡು ಬಂದನಂತೆ. ಹೆಮ್ಮೆಯಿಂದ ಹೇಳಿದ, 'ಕಳ್ಳರು ಎತ್ತಿಕೊಂಡು ಹೋಗಬಾರದು ಅಂತ ಅಮ್ಮಾ' ಅಂತ. ಪುಣ್ಯಕ್ಕೆ ಗಾಜಿನ ನಳಿಗೆ ಒಡೆದಿಲ್ಲ.

ನೀನೀಗ ಮೇಜಿನ ಹಿಂದೆ ಕೂತವನು, ಮರೆತಿರಬಹುದು. ಇದರ ನಳಿಗೆಯ ಮೇಲಿನ ಒಂದು ಗೆರೆ ಅಂದರೆ ಹುಡುಗಾಟ ಅಲ್ಲ. ಒಂದು ಮೀಟರ್ ಉದ್ದದ ಪಟ್ಟಿಯ ಒಂದು ತುದಿಯ ಕೆಳಗೆ ಮಿಲಿಮೀಟರಿನ ಐವತ್ತನೇ ಒಂದು ಪಾಲು ಸಿಕ್ಕಿಸಿದರೆ ಸಾಕು, ಗುಳ್ಳೆ ಒಂದು ಗೆರೆ ಸರಿಯುತ್ತೆ. ಕೈಯ ಬಿಸಿ ತಾಗಿದರೂ ಓಡುತ್ತೆ. ಇದನ್ನ ಒಂದು ದಿನವಾದರೂ ಕೋಣೆಯಲ್ಲಿ ಸುಮ್ಮನೆ ಮಲಗಿಸಿ, ಕೋಣೆಯ ತಂಪಿಗೆ ಹೊಂದಿಕೊಂಡ ಮೇಲೆ ಮುಟ್ಟಬೇಕು. ಇಲ್ಲಿ ಗುಮಾಸ್ತ ಹೊರಗೆ ಕೂತು ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡ್ತಾ ಗಂಟಲು ಸರಿಮಾಡಿಕೊಳ್ತಿದ್ದಾನೆ.

ಒರೆಸಿ, ಎರಡು ಗಂಟೆ ಬಿಟ್ಟು, ಚಪ್ಪಡಿಯ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿತು ಅಂತ ಬರೆದುಕೊಂಡೆ. ಆಮೇಲೆ ಅದೇ ಜಾಗದಲ್ಲಿ ತಲೆ ಹಿಂದು ಮುಂದಾಗಿ ತಿರುಗಿಸಿಟ್ಟು ಮತ್ತೆ ನೋಡಿದೆ. ರಸಮಟ್ಟ ಸಾಚಾ ಆಗಿದ್ದರೆ, ಅದನ್ನ ಹೇಗೆ ತಿರುಗಿಸಿದರೂ ಗುಳ್ಳೆ ಕಿಟಕಿ ಕಡೆಗಿದ್ದದ್ದು ಕಿಟಕಿ ಕಡೆಗೇ, ಅಷ್ಟೇ ಗೆರೆ ದೂರ ನಿಲ್ಲಬೇಕು. ನಿಲ್ಲಲಿಲ್ಲ. ಮೂರು ಗೆರೆ ವ್ಯತ್ಯಾಸ. ತಿರುಗಿಸಿದಾಗ ತಪ್ಪು ಎರಡರಷ್ಟಾಗಿ ಕಾಣುತ್ತೆ, ಅರ್ಧ ಮಾಡಬೇಕು. ಅಂದರೆ ಒಂದೂವರೆ ಗೆರೆ ತಪ್ಪು.

ಚೀಟಿ ಇಟ್ಟಿದ್ದೀನಿ. 'ಕಚ್ಚಾ' ಅಂತ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದೀನಿ, ಕಣ್ಣಿಗೆ ಬೀಳಲಿ. ಇಷ್ಟು ಆತುರದಲ್ಲಿ ನಾನು ಯಾವತ್ತೂ ಲೆಕ್ಕ ಕೊಟ್ಟವಳಲ್ಲ. ರಸಮಟ್ಟ ಇಲ್ಲೇ ಇರಲಿ. ಸರಿಯಾಗಿ ನೋಡಿ, ತಪ್ಪಿದ್ದರೆ ತಿದ್ದಿ ಕಳಿಸ್ತೀನಿ. ಫಿಟ್ಟರಿಗೆ ಹೇಳು, ಅವನ ವಸ್ತು ಜೋಪಾನವಾಗಿದೆ ಅಂತ.

ಅಕ್ಕ

13 ಫೆಬ್ರವರಿ 1986

ಪ್ರೀತಿಯ ಅಕ್ಕನಿಗೆ,

ನಿನ್ನ ಚೀಟಿ ಬಂತು. ಎಷ್ಟು ದೊಡ್ಡ ಉಪಕಾರ ಮಾಡಿದ್ದೀಯ ಎಂದು ನಿನಗೇ ಗೊತ್ತಿಲ್ಲ. ಓದಿದ ದಿನ ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ. ಹಾಗೆ ಊಟ ಮಾಡಿ ತಿಂಗಳಾಗಿತ್ತು.

ಇನ್ನೊಂದು ಚಿಕ್ಕ ಕೆಲಸ. ಅದನ್ನೇ ಒಳ್ಳೆಯ ಕಾಗದದ ಮೇಲೆ ಇನ್ನೊಮ್ಮೆ ಬರೆದುಕೊಡು. ನಿನ್ನ ಹಳೆಯ ಹುದ್ದೆ, 'ನಿವೃತ್ತ ಮುಖ್ಯ ಪರೀಕ್ಷಕಿ' ಎಂದು ಸಹಿಯ ಕೆಳಗೆ ಇರಲಿ. 'ಕಚ್ಚಾ' ಎಂಬ ಮಾತು ಬೇಡ, ಓದುವವರಿಗೆ ಗೊಂದಲ. ಒಂದೂವರೆ ಗೆರೆ ಎಂದರೆ ಸಾಕು.

ರಸಮಟ್ಟದ ವಿಷಯದಲ್ಲಿ ಇನ್ನು ಕಷ್ಟಪಡಬೇಡ. ತಿದ್ದುವುದೂ ಬೇಡ. ಇದ್ದ ಹಾಗೆಯೇ ಪೆಟ್ಟಿಗೆಯಲ್ಲಿಡು. ಆ ಫಿಟ್ಟರಿಗೆ ಈಗ ಅದರ ಅಗತ್ಯವಿಲ್ಲ.

ನಿನ್ನ ತಮ್ಮ

19 ಫೆಬ್ರವರಿ 1986

ತಮ್ಮಾ,

ಮೊದಲನೇ ಚೀಟಿ ಹರಿದು ಹಾಕು. ಈ ಕಾಗದ ಓದಿ ಮುಗಿಸೋಕೆ ಮೊದಲೇ ಎದ್ದು ಹೋಗಿ ಹರಿದು ಬಾ. ಆ ಲೆಕ್ಕ ತಪ್ಪು. ತಪ್ಪು ನನ್ನದು, ರಸಮಟ್ಟದ್ದಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತಾರಲ್ಲ. ನನ್ನ ಪಾಲಿಗೆ ನಿಜವಾಗಿಯೂ ನೆಲವೇ ಡೊಂಕು ಕಣೋ. ಹೋದ ವರ್ಷ ಕೆಳಗಿನ ಕೋಣೆಯ ಗೋಡೆಯಲ್ಲಿ ನೀರು ಜಿನುಗ್ತಿದೆ ಅಂತ ಚಪ್ಪಡಿಯನ್ನ ಮಹಡಿಗೆ ಸಾಗಿಸಿದ್ವಿ. ಮಹಡಿಯದು ಹಲಗೆ ನೆಲ. ಕಾರ್ಖಾನೆಯಲ್ಲಿ ಮೂರು ಅಡಿ ಬುನಾದಿಯ ಮೇಲೆ ನಿಂತು ಅಭ್ಯಾಸವಾದವಳಿಗೆ ಕಾಲ ಕೆಳಗಿನದು ತಲೆಗೇ ಬರಲಿಲ್ಲ.

ಹೋದ ವಾರ ಮತ್ತೆ ನೋಡ್ತಾ ಕೂತಿದ್ದೆ. ಗುಳ್ಳೆ ನಿಂತಿತ್ತು. ನಿಮ್ಮ ಭಾವ ಬಾಗಿಲಲ್ಲಿ ಬಂದು, 'ಊಟಕ್ಕೆ ಬರ್ತೀಯೋ, ಇಲ್ಲ ಆ ಗುಳ್ಳೆಯನ್ನೇ ನುಂಗ್ತೀಯೋ?' ಅಂದ್ರು. ಅಂತ ಹೇಳಿ ಒಂದು ಹೆಜ್ಜೆ ಒಳಗಿಟ್ಟರು. ಯಾರೂ ಮುಟ್ಟಿಲ್ಲ, ಗುಳ್ಳೆ ಸರಿಯಿತು. 'ಅಲ್ಲೇ ನಿಲ್ಲಿ!' ಅಂತ ಕೂಗಿದೆ. ಹಾವು ಕಂಡೆ ಅಂದುಕೊಂಡು ಮರದ ಹಾಗೆ ನಿಂತರು. 'ಹಿಂದಕ್ಕೆ ಹೋಗಿ.' ಹೋದರು. ಗುಳ್ಳೆ ಹಿಂದೆ ಬಂತು. ಆಮೇಲೆ ಎಡಕ್ಕೆ, ಬಲಕ್ಕೆ, ಗೋಡೆಗೆ, ಚಪ್ಪಡಿ ಪಕ್ಕಕ್ಕೆ ಅಂತ ಅರ್ಧ ಗಂಟೆ ನಡೆಸಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನ ಮಾತಿಗೆ ಅಷ್ಟು ಸರಿಯಾಗಿ ಹೆಜ್ಜೆ ಹಾಕಿದ್ದು ಅದೇ ಮೊದಲು.

ಮೊದಲ ಚೀಟಿಯ ದಿನ ನಾನು ಮಾಡಿದ್ದು ಇಷ್ಟೇ. ಮೊದಲ ಸಲ ಚಪ್ಪಡಿಯ ಎಡಕ್ಕೆ ನಿಂತು ಓದಿದೆ. ತಿರುಗಿಸಿದ ಮೇಲೆ ಬಲಕ್ಕೆ ಹೋಗಿ ಓದಿದೆ. ನನ್ನ ಭಾರಕ್ಕೆ ಹಲಗೆ ಬಾಗಿ ಚಪ್ಪಡಿಯೇ ವಾಲಿತ್ತು. ಕಲಿಯೋಕೆ ಬಂದವರಿಗೆ ಮೊದಲ ದಿನ ಬೈದು ಹೇಳಿಕೊಡೋ ಪಾಠ ಅದು.

ಈಗ ಚಪ್ಪಡಿಯನ್ನ ಕೆಳಗೆ, ಕಲ್ಲು ನೆಲದ ಮೇಲೆ ಇಳಿಸಿದ್ದೀವಿ. ರಸ್ತೆಯಲ್ಲಿ ಲಾರಿ ಶುರುವಾಗೋಕೆ ಮೊದಲು, ಬೆಳಿಗ್ಗೆ ಆರರಿಂದ ಏಳರವರೆಗೆ ಮಾತ್ರ ಕೆಲಸ. ಕೈಗೆ ಗವಸು. ಒಂದು ಸಲ ತಿರುಗಿಸಿದರೆ ಹತ್ತು ನಿಮಿಷ ಕಾಯೋದು. ಮೂರು ಬೆಳಿಗ್ಗೆ ಹದಿನೆಂಟು ಸಲ ನೋಡಿದೆ. ತಪ್ಪು ಒಂದು ಗೆರೆಯ ಹತ್ತನೇ ಒಂದು ಪಾಲೂ ಇಲ್ಲ. ಹೊಸದರಲ್ಲೂ ಇಷ್ಟು ಸಾಚಾ ಇರೋದು ಕಡಿಮೆ.

ಇನ್ನೊಂದು ಮಾತು. ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ತಾರೀಖು ಬರೆದಿದೆ. ಒಂಬತ್ತು ವರ್ಷದಿಂದ, ಪ್ರತಿ ತಿಂಗಳ ಒಂದನೇ ತಾರೀಖು, ಪಕ್ಕದಲ್ಲಿ 'ಸರಿ' ಅಂತ. ಹೋದ ಅಕ್ಟೋಬರಿನಲ್ಲಿ ಮಾತ್ರ ಒಂದೇ ವಾರದಲ್ಲಿ ಮೂರು ಸಲ. ಸರಿ, ಸರಿ, ಸರಿ. ಒಬ್ಬ ಮನುಷ್ಯ ತನ್ನ ರಸಮಟ್ಟವನ್ನ ವಾರಕ್ಕೆ ಮೂರು ಸಲ ಪರೀಕ್ಷೆ ಮಾಡಬೇಕಾದರೆ ಏನನ್ನೋ ನೋಡಿ ಬೆಚ್ಚಿರಬೇಕು. ಆ ಫಿಟ್ಟರ್ ಯಾರು? ಅವನಿಗೆ ಇದರ ಅಗತ್ಯವಿಲ್ಲ ಅಂದರೆ ಏನರ್ಥ?

ಸರಿಯಾದ ಲೆಕ್ಕ ಇದರ ಜೊತೆಗಿದೆ. ಸಹಿ, ಹುದ್ದೆ ಎಲ್ಲಾ ಹಾಕಿದ್ದೀನಿ, ನೀನು ಕೇಳಿದ ಹಾಗೆ.

ಅಕ್ಕ

27 ಫೆಬ್ರವರಿ 1986

ಅಕ್ಕನಿಗೆ,

ಚೀಟಿಯನ್ನು ಹರಿಯಲು ಆಗುವುದಿಲ್ಲ. ಅದು ಕಡತಕ್ಕೆ ಸೇರಿ ಎರಡು ವಾರವಾಯಿತು.

ನೀನು ಇಷ್ಟೊಂದು ಪ್ರಶ್ನೆ ಕೇಳಿದ ಮೇಲೆ ಹೇಳಿಬಿಡುತ್ತೇನೆ. ಜನವರಿ ಹತ್ತರಂದು ಇಲ್ಲಿ ಒಂದು ಅಪಘಾತವಾಯಿತು. ಹಾಳೆಯನ್ನು ಒಣಗಿಸುವ ರೋಲರುಗಳಲ್ಲಿ ಒಂದು ಮಟ್ಟ ತಪ್ಪಿತ್ತು. ಮಟ್ಟ ತಪ್ಪಿದ ರೋಲರಿನ ಮೇಲೆ ಹಾಳೆ ಪದೇಪದೇ ಹರಿಯುತ್ತದೆ. ಹರಿದ ತುದಿಯನ್ನು ಮತ್ತೆ ಸಿಕ್ಕಿಸಲು ಹೋದ ಕೆಲಸದವಳೊಬ್ಬಳ ಬಲಗೈ ಒಳಗೆ ಸಿಕ್ಕಿತು. ಮೂರು ಬೆರಳು ಹೋದವು. ವಿಚಾರಣಾ ಸಮಿತಿ ಕೂತಿತು. ರೋಲರನ್ನು ಮಟ್ಟ ಮಾಡಿ ಕೂರಿಸಿದವನು ಈ ಫಿಟ್ಟರ್. ಯಾವಾಗ ನೋಡಿದರೂ ಪೆಟ್ಟಿಗೆ ಹಿಡಿದು ಅಳೆಯುತ್ತಿರುತ್ತಾನೆ ಎಂದು ಎಲ್ಲರೂ ಅವನನ್ನು ಮಟ್ಟದ ಮೇಷ್ಟ್ರು ಎನ್ನುತ್ತಾರೆ. ಮಿಲ್ಲಿನದು ಬೇಡವೆಂದು ಸ್ವಂತ ರಸಮಟ್ಟವನ್ನೇ ಬಳಸಿದ್ದ. ಅದು ತಪ್ಪು ಎಂದಮೇಲೆ ಕಾರಣ ಸಿಕ್ಕಂತಾಯಿತು. ಅವನನ್ನು ಕೆಲಸದಿಂದ ತೆಗೆದಿದ್ದಾರೆ.

ಇದರಲ್ಲಿ ಅವನಿಗೆ ಅವಮಾನವೇನೂ ಇಲ್ಲ. ಅವನು ಕೆಟ್ಟವನೆಂದು ಯಾರೂ ಹೇಳಿಲ್ಲ, ಸಲಕರಣೆ ಕೆಟ್ಟದ್ದು ಎಂದಷ್ಟೇ. ನಿನಗೂ ಈಗ ವಯಸ್ಸಾಯಿತು, ಕಣ್ಣು ಮೊದಲಿನಂತಿಲ್ಲ. ಮೊದಲನೆಯದು ಸರಿಯೋ ಎರಡನೆಯದು ಸರಿಯೋ ಎಂದು ನೀನೇ ಗೊಂದಲದಲ್ಲಿದ್ದೀಯ ಎಂದು ಜನ ಆಡಿಕೊಳ್ಳುತ್ತಾರೆ. ನಿನ್ನ ಮರ್ಯಾದೆಗಾಗಿಯೇ ಹೇಳುತ್ತಿದ್ದೇನೆ. ಎರಡನೇ ಲೆಕ್ಕವನ್ನು ನಾನು ಯಾರಿಗೂ ತೋರಿಸಿಲ್ಲ.

ಮನೆಯ ಮಾತು ಮನೆಯಲ್ಲೇ ಇರಲಿ.

ತಮ್ಮ

3 ಮಾರ್ಚ್ 1986

ಏನೋ,

ನನ್ನ ಮರ್ಯಾದೆಗಾಗಿಯಾ? ನನ್ನ ಕಣ್ಣು ಮೊದಲಿನ ಹಾಗಿಲ್ಲ ಅನ್ನೋದು ನಿಜ. ಮೊದಲಿನ ಹಾಗಿದ್ದಿದ್ದರೆ 'ವಿಶೇಷವೇನೂ ಇಲ್ಲ, ಮಾಮೂಲಿ ತಪಾಸಣೆ' ಅನ್ನೋ ಸಾಲಿನಲ್ಲೇ ನಿನ್ನ ಸುಳ್ಳು ಕಾಣ್ತಿತ್ತು.

ನಿನ್ನ ಕಾಗದ ಓದಿ ಮೈಯೆಲ್ಲ ಉರಿದುಹೋಯ್ತು. ಬರೆಯೋಕೆ ಕೂತು ಎರಡು ಹಾಳೆ ಹರಿದು ಹಾಕಿದೆ. ಒಬ್ಬಳ ಕೈ ಹೋಗಿದೆ, ಒಬ್ಬನ ಕೆಲಸ ಹೋಗಿದೆ, ನೀನು ನನಗೆ ಬರೆದದ್ದು ಏನು? ಹೊಟ್ಟೆ ತುಂಬ ಊಟ ಮಾಡಿದೆ ಅಂತ! ಅವನ ಅನ್ನ ಕಿತ್ತ ಚೀಟಿ ನನ್ನ ಕೈಬರಹದ್ದು. 'ಕಚ್ಚಾ' ಅಂತ ಗೆರೆ ಎಳೆದು ಬರೆದಿದ್ದೆ. ಆ ಗೆರೆ ಸಮಿತಿಯವರಿಗೆ ಕಾಣಲಿಲ್ವಾ, ಇಲ್ಲ ನೀನು ಕತ್ತರಿ ಹಾಕಿದೆಯಾ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಮಾಡಿದ್ದೀರಿ. ರಸಮಟ್ಟ ಕೆಟ್ಟಿದ್ದಕ್ಕೆ ಅವಮಾನವಿಲ್ಲ ಅಂತೀಯ. ಒಂಬತ್ತು ವರ್ಷ ತಪ್ಪದೆ ತಾರೀಖು ಬರೆದವನಿಗೆ 'ನಿನ್ನ ಸಲಕರಣೆ ಕೆಟ್ಟದ್ದು' ಅನ್ನೋದಕ್ಕಿಂತ ದೊಡ್ಡ ಬೈಗುಳ ಇಲ್ಲ. ನನಗೆ ಗೊತ್ತು. ನಾನೂ ಅದೇ ಜಾತಿಯವಳು.

ಈಗ ಮೇಜಿನ ಹಿಂದಿನಿಂದ ಎದ್ದು ಸ್ವಲ್ಪ ಯೋಚನೆ ಮಾಡು. ರಸಮಟ್ಟ ಸಾಚಾ. ಹಾಗಾದರೆ ಅವನು ಕೂರಿಸಿದ ದಿನ ರೋಲರ್ ಮಟ್ಟವಾಗಿತ್ತು. ಜನವರಿಯಲ್ಲಿ ಇರಲಿಲ್ಲ. ನಡುವೆ ಏನು ಕದಲಿತು? ಕಬ್ಬಿಣ ತಾನಾಗಿ ಬಗ್ಗೋದಿಲ್ಲ. ಕೆಳಗಿನದು ಕುಸಿದಿರಬೇಕು. ಮೇಷ್ಟ್ರು ಅಕ್ಟೋಬರಿನಲ್ಲೇ ಅದನ್ನ ಕಂಡು, ತನ್ನ ರಸಮಟ್ಟವನ್ನೇ ಅನುಮಾನಿಸಿ ಮೂರು ಸಲ ನೋಡಿದ್ದಾನೆ.

ಹತ್ತೊಂಬತ್ತು ದಿನ ಮೊದಲೇ ಓಡಿಸಿದೆ ಅಂತ ಬರೆದಿದ್ದೆಯಲ್ಲ. ಎಲ್ಲಿಂದ ಉಳಿಸಿದೆ ಆ ಹತ್ತೊಂಬತ್ತು ದಿನ? ಯಂತ್ರದ ಬುನಾದಿಯ ಕಾಂಕ್ರೀಟು ಇಪ್ಪತ್ತೆಂಟು ದಿನ ಬಲಿಯಬೇಕು ಅಂತ ನಮ್ಮ ಕಾಲದ ಗಾರೆಯವನಿಗೂ ಗೊತ್ತಿತ್ತು. ಇಪ್ಪತ್ತೆಂಟರಲ್ಲಿ ಹತ್ತೊಂಬತ್ತು ಕಳೆ. ನಿನಗೆ ಲೆಕ್ಕ ನಾನೇ ಕಲಿಸಿದ್ದು.

ಉಳಿದ ರೋಲರುಗಳು ನಿಂತಿರೋದೂ ಅದೇ ಬುನಾದಿಯ ಮೇಲಲ್ವಾ? ಅವುಗಳ ಪಕ್ಕದಲ್ಲಿ ಇವತ್ತೂ ಜನ ನಿಂತಿದ್ದಾರಲ್ವಾ? ಯಂತ್ರ ನಿಲ್ಲಿಸು. ನೀನು ನಿಲ್ಲಿಸದಿದ್ದರೆ ಸಮಿತಿಗೆ ನಾನೇ ಬರೀತೀನಿ. ಕಡ್ಡಿ ಮುರಿದ ಹಾಗೆ ಹೇಳಿದ್ದೀನಿ.

ಅಕ್ಕ

ತಂತಿ, 6 ಮಾರ್ಚ್ 1986

ಸಮಿತಿಗೆ ಬರೆಯಬೇಡ. ಕಾಗದ ಬರುತ್ತಿದೆ. ತಮ್ಮ.

7 ಮಾರ್ಚ್ 1986

ಅಕ್ಕಾ,

ಒಂಬತ್ತು ದಿನ. ನಿನ್ನ ಲೆಕ್ಕ ಸರಿ.

ಮೇಲಿನಿಂದ ದಿನಾ ಒತ್ತಡ ಇತ್ತು. ಯಂತ್ರ ಯಾವಾಗ, ಯಾವಾಗ ಅಂತ. ಕಾಂಕ್ರೀಟು ಮುಟ್ಟಿ ನೋಡಿದರೆ ಕಲ್ಲಿನ ಹಾಗಿತ್ತು. ಏನೂ ಆಗೋದಿಲ್ಲ ಅನ್ನಿಸಿತು. ನಾನೇ ಸಹಿ ಹಾಕಿದೆ. ಬೇರೆ ಕಡೆಯೂ ಹೀಗೆ ಮಾಡಿದ್ದಾರೆ, ಏನೂ ಆಗಿಲ್ಲ.

ಮೇಷ್ಟ್ರು ಅಕ್ಟೋಬರಿನಲ್ಲಿ ಮೂರು ಸಲ ನನ್ನ ಹತ್ತಿರ ಬಂದಿದ್ದ. 'ಸಾರ್, ಎರಡನೇ ರೋಲರ್ ಪಶ್ಚಿಮಕ್ಕೆ ಇಳೀತಾ ಇದೆ' ಅಂದ. ಮೊದಲ ಸಲ 'ನೋಡೋಣ' ಅಂದೆ. ಎರಡನೇ ಸಲ ಕೆಲಸ ಇದೆ ಅಂತ ಕಳಿಸಿದೆ. ಮೂರನೇ ಸಲ ಎಲ್ಲರೆದುರಿಗೇ 'ನಿನ್ನ ರಸಮಟ್ಟ ಮೊದಲು ಸರಿಮಾಡಿಸ್ಕೊಳಯ್ಯಾ' ಅಂದೆ. ಎಲ್ಲರೂ ನಕ್ಕರು. ಅವನು ಪೆಟ್ಟಿಗೆ ಮುಚ್ಚಿಕೊಂಡು ಹೋದ. ಆಮೇಲೆ ಬರಲಿಲ್ಲ.

ನಿನಗೆ ನಂಬಿಕೆ ಬರುತ್ತೋ ಇಲ್ಲವೋ. ಪೆಟ್ಟಿಗೆ ನಿನಗೆ ಕಳಿಸಿದಾಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ರಸಮಟ್ಟ ತಪ್ಪಾಗಿದ್ದರೆ ನನ್ನ ಒಂಬತ್ತು ದಿನ ಸರಿ, ಅಷ್ಟೇ ಯೋಚನೆ. ನೀನು ಒಂದೂವರೆ ಗೆರೆ ಅಂದಾಗ ದೇವರೇ ಬರೆದು ಕಳಿಸಿದ ಹಾಗಾಯ್ತು. ಬೇರೆ ಯಾರು ಹೇಳಿದ್ದರೂ ನಂಬ್ತಿರಲಿಲ್ಲ, ಹೇಳಿದವಳು ನೀನು. ಹೌದು, ಕತ್ತರಿ ಹಾಕಿದ್ದು ನಾನೇ. ಮೇಲಿನ ಒಂದು ಬೆರಳಗಲ ಕಾಗದ.

ಏಪ್ರಿಲ್ ಕೊನೆಯಲ್ಲಿ ವಾರ್ಷಿಕ ರಿಪೇರಿಗೆ ಯಂತ್ರ ನಿಲ್ಲುತ್ತೆ. ಆಗ ಯಾರಿಗೂ ಗೊತ್ತಾಗದ ಹಾಗೆ ಬುನಾದಿ ಸರಿಮಾಡಿಸ್ತೀನಿ. ಮೇಷ್ಟ್ರಿಗೆ ಬೇರೆ ಕಡೆ ಕೆಲಸ ಹುಡುಕಿಕೊಡ್ತೀನಿ, ಆಣೆ. ಅಲ್ಲಿಯವರೆಗೆ ಸುಮ್ಮನಿರು. ನಿನ್ನ ಕಾಲಿಗೆ ಬೀಳ್ತೀನಿ ಅಕ್ಕಾ. ಇಪ್ಪತ್ತು ವರ್ಷದ ನೌಕರಿ. ಒಂದು ಸಹಿಯಿಂದ ಹೋಗಬಾರದು.

ತಮ್ಮ

12 ಮಾರ್ಚ್ 1986

ತಮ್ಮಾ,

ಏಪ್ರಿಲ್ ಕೊನೆಯವರೆಗೆ ಎಷ್ಟು ಬೆರಳು?

ನಿನ್ನ ಉತ್ತರಕ್ಕೆ ನಾನು ಕಾಯಲಿಲ್ಲ. ನಿನ್ನ ತಂತಿ ಬರೋ ಹೊತ್ತಿಗೆ ಸಮಿತಿಗೆ ಬರೆದ ಕಾಗದ ಟಪಾಲಿಗೆ ಹೋಗಿಯಾಗಿತ್ತು. ತಂತಿ ಮೊದಲೇ ಬಂದಿದ್ದರೂ ಹಾಕ್ತಿದ್ದೆ. ಒಂದು ಪ್ರತಿ ಸಮಿತಿಗೆ, ಒಂದು ಮೇಷ್ಟ್ರಿಗೆ. ಮೊದಲ ಸಾಲಿನಲ್ಲಿ ನನ್ನ ತಪ್ಪು ಬರೆದಿದ್ದೀನಿ. ಹಲಗೆ ನೆಲದ ಮೇಲೆ ಪರೀಕ್ಷೆ ಮಾಡಿದೆ, ನಿಂತ ಜಾಗ ಬದಲಾಯಿಸಿದೆ, ಆತುರದಲ್ಲಿ ಚೀಟಿ ಕೊಟ್ಟೆ ಅಂತ. ಆಮೇಲೆ ಹದಿನೆಂಟು ಲೆಕ್ಕ. ಕೊನೆಗೆ, ರಸಮಟ್ಟ ಸಾಚಾ ಇರೋದರಿಂದ ಬುನಾದಿ ನೋಡಬೇಕು, ಅಲ್ಲಿಯವರೆಗೆ ಯಂತ್ರ ನಿಲ್ಲಿಸಬೇಕು ಅಂತ. ಮೂವತ್ತೆರಡು ವರ್ಷ ಇನ್ನೊಬ್ಬರ ತಪ್ಪು ಹಿಡಿದು ಸಂಬಳ ತಗೊಂಡವಳು ನಾನು. ನನ್ನದು ಬರೆಯೋವಾಗ ಸಹಿ ಮಾಡೋ ಕೈ ಎಷ್ಟು ಭಾರ ಆಗುತ್ತೆ ಅಂತ ಈಗ ಗೊತ್ತಾಯ್ತು.

ನಿನ್ನ ಹೆಸರು ಬರೆದಿಲ್ಲ. ಒಂಬತ್ತು ದಿನದ ಮಾತೂ ಬರೆದಿಲ್ಲ. ಅದು ನೀನು ಬರೆಯಬೇಕಾದದ್ದು. ನಾನು ಬರೆದರೆ ಚಾಡಿ, ನೀನು ಬರೆದರೆ ಮನುಷ್ಯತನ.

ಸಮಿತಿಯವರು ಹದಿನೆಂಟಕ್ಕೆ ಬರೋಕೆ ಹೇಳಿ ತಂತಿ ಕೊಟ್ಟಿದ್ದಾರೆ. ರಸಮಟ್ಟ ತಗೊಂಡು ನಾನೇ ಬರ್ತೀನಿ. ರೈಲಿನಲ್ಲಿ ಪೂರ್ತಿ ದಾರಿ ಮಡಿಲಲ್ಲೇ ಇಟ್ಟುಕೊಳ್ತೀನಿ. ನಿನ್ನ ಮನೆಗೆ ಬರೋದಿಲ್ಲ, ಕರೆಯೋಕೆ ಸ್ಟೇಷನ್ನಿಗೂ ಬರಬೇಡ.

ಅಕ್ಕ

27 ಮಾರ್ಚ್ 1986

ಅಕ್ಕನಿಗೆ,

ಈಗ ನಿನಗೆ ತೃಪ್ತಿಯಾಯ್ತಾ?

ಆವತ್ತು ಸ್ವಲ್ಪ ಹೊತ್ತು ಯಂತ್ರ ನಿಲ್ಲಿಸಿದಾಗ ನೀನು ಮೂರನೇ ರೋಲರಿನ ಪೀಠದ ಮೇಲೆ ರಸಮಟ್ಟ ಇಟ್ಟು, 'ಹತ್ತು ನಿಮಿಷ ಯಾರೂ ಅಲುಗಾಡಬೇಡಿ' ಅಂದೆ. ಮಿಲ್ಲಿನ ದೊಡ್ಡ ಮ್ಯಾನೇಜರ್ ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದವರ ಹಾಗೆ ನಿಂತಿದ್ದರು. ಮೇಷ್ಟ್ರನ್ನ ಕರೆದು 'ನೀವೇ ಓದಿ' ಅಂದೆ. ಅವನು ನಾಲ್ಕು ಗೆರೆ ಅಂದ. ತಿರುಗಿಸಿಟ್ಟು ಮತ್ತೆ ಓದಿಸಿದೆ. ನಾಲ್ಕೇ. ಪಶ್ಚಿಮಕ್ಕೇ. ಎಲ್ಲರನ್ನೂ ನೋಡಿದೆ, ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ. ಒಂದು ಸಲ ನೋಡಿದ್ದರೆ ನಿನ್ನ ಗಂಟೇನು ಹೋಗ್ತಿತ್ತು? ಎಲ್ಲರ ಮುಂದೆ 'ಮೊದಲ ತಪ್ಪು ನನ್ನದು' ಅಂದೆಯಲ್ಲ, ಅದು ನನ್ನ ಕೆನ್ನೆಗೆ ಹೊಡೆದ ಹಾಗಿತ್ತು. ನೀನು ಒಳ್ಳೆಯವಳಾಗಿ ಹೊರಟುಹೋದೆ. ನನಗೆ ಉಳಿದದ್ದು ಒಂದೇ ದಾರಿ.

ಮರುದಿನ ನಾನೇ ಸಮಿತಿಗೆ ಬರೆದುಕೊಟ್ಟೆ. ಒಂಬತ್ತು ದಿನ, ಸಹಿ, ಮೇಷ್ಟ್ರು ಮೂರು ಸಲ ಬಂದದ್ದು, ಕತ್ತರಿ ಹಾಕಿದ್ದು. ಯಂತ್ರ ಮಧ್ಯಾಹ್ನವೇ ಪೂರ್ತಿ ನಿಂತಿತು. ಎರಡನೇ ರೋಲರ್ ಎತ್ತಿ ನೋಡಿದರೆ ಕೆಳಗೆ ಬುನಾದಿ ಉದ್ದಕ್ಕೂ ಸೀಳಿತ್ತು, ಕೈ ತೂರಿಸುವಷ್ಟು. ನನ್ನನ್ನ ಅಮಾನತು ಮಾಡಿದ್ದಾರೆ. ಇಪ್ಪತ್ತು ವರ್ಷ ಜೊತೆಗೆ ಊಟ ಮಾಡಿದವರು ಈಗ ನನ್ನ ಕಂಡರೆ ಬಗ್ಗಿ ಚಪ್ಪಲಿ ಪಟ್ಟಿ ಸರಿಮಾಡಿಕೊಳ್ತಾರೆ. ನನ್ನ ಹೆಂಡತಿ 'ನಿಮ್ಮ ಅಕ್ಕನೇ ಹೀಗೆ ಮಾಡಿದರಾ?' ಅಂತ ದಿನಕ್ಕೊಂದು ಸಲ ಕೇಳ್ತಾಳೆ.

ಮೇಷ್ಟ್ರನ್ನ ವಾಪಸು ಕರೆದರು. ಗೇಟಿನಲ್ಲಿ ಎದುರಾದ. ಬೈತಾನೆ ಅಂತ ನಿಂತೆ. 'ರಸಮಟ್ಟಕ್ಕೆ ಎಣ್ಣೆ ಹಚ್ಚಿ, ಹೊಸ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಾರೆ. ನಿಮ್ಮ ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ ಸಾರ್' ಅಂದ. ಹೋದ. ನನಗೆ ಅಂತ ಒಂದು ಮಾತೂ ಇರಲಿಲ್ಲ.

ಎಲ್ಲಾ ಸರಿಹೋಯ್ತು. ಎಲ್ಲರದ್ದೂ, ನನ್ನದೊಂದು ಬಿಟ್ಟು.

ತಮ್ಮ

2 ಏಪ್ರಿಲ್ 1986

ತಮ್ಮಾ,

ನಿನ್ನ ಕಡೆ ಯಾಕೆ ನೋಡಲಿಲ್ಲ ಅಂತ ಕೇಳಿದೀಯ. ನೋಡಿದ್ದರೆ ನನ್ನ ಕೈಯಲ್ಲಿ ಆಗ್ತಿರಲಿಲ್ಲ. ಅಷ್ಟೇ.

ಬರೆದುಕೊಟ್ಟೆ ಅಂತ ಓದಿ ಕಾಗದವನ್ನ ನಿಮ್ಮ ಭಾವನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಆಮೇಲೆ ಕೊನೆಯ ಸಾಲು ಓದಿದೆ. ಎಲ್ಲರದ್ದೂ ಸರಿಹೋಯ್ತಂತೆ! ಮತ್ತೆ ಸಿಟ್ಟು ಬಂತು. ಈ ಸಲ ನಿನ್ನೊಬ್ಬನ ಮೇಲಲ್ಲ.

ಆವತ್ತು ಮಿಲ್ಲಿನಿಂದ ಹೊರಟಾಗ ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಕೈ ಕಳೆದುಕೊಂಡವಳ ಮನೆ ಎಲ್ಲಿ ಅಂತ ಮೇಷ್ಟ್ರನ್ನ ಕೇಳಿ ಹೋದೆ. ಸೈಕಲ್ ಅಂಗಡಿಯ ಮೇಲೆ ಒಂದೇ ಕೋಣೆ. ಬಾಗಿಲು ತೆಗೆದವಳಿಗೆ ನಾನು ಯಾರು ಅಂತ ಹೇಳಿದೆ. 'ಒಳಗೆ ಬನ್ನಿ, ಕೂರಿ' ಅಂದಳು. ಕುರ್ಚಿಯನ್ನ ಎಡಗೈಯಿಂದ ಎಳೆದು ಹಾಕಿದಳು. ಬಲಗೈಯನ್ನ ಸೆರಗಿನ ಒಳಗೇ ಇಟ್ಟುಕೊಂಡಿದ್ದಳು.

'ರೋಲರ್ ಸರಿಹೋಯ್ತಾ ಅಮ್ಮಾ? ಅಲ್ಲಿ ನನ್ನ ಜೊತೆಯವರು ಇದ್ದಾರೆ' ಅಂದಳು. ಮೊದಲ ಮಾತು ಅದು.

ಸಮಿತಿಯವರು ನಿನ್ನನ್ನ ಏನೇನು ಕೇಳಿದರು ಅಂದೆ. ನಕ್ಕಳು. 'ನನ್ನನ್ನ ಯಾರು ಕೇಳ್ತಾರೆ? ಆಸ್ಪತ್ರೆಗೆ ಒಬ್ಬರು ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ನಾನು ಸಹಿ ಮಾಡ್ತೀನಿ, ಓದೋಕೆ ಬರುತ್ತೆ ಅಂದೆ. ಬಲಗೈ ಇಲ್ವಲ್ಲ ಅಂದರು. ಎರಡು ತಿಂಗಳಿಂದ ಮಿಲ್ಲಿನಿಂದ ಈ ಮೆಟ್ಟಿಲು ಹತ್ತಿದವರು ನೀವೇ ಮೊದಲು.'

ನಾನೂ ನೀನೂ ಇಷ್ಟೊಂದು ಕಾಗದ ಬರೆದ್ವಿ. ಗುಳ್ಳೆ ಬಗ್ಗೆ, ಬುನಾದಿ ಬಗ್ಗೆ, ನನ್ನ ತಪ್ಪು, ನಿನ್ನ ನೌಕರಿ. ನಾನು ಅವಳ ಬೆರಳನ್ನ ನಿನಗೆ ಚುಚ್ಚೋಕೆ ಬಳಸಿಕೊಂಡೆ, 'ಎಷ್ಟು ಬೆರಳು' ಅಂತ. ಅವಳು ಹೇಗಿದ್ದಾಳೆ ಅಂತ ನಿನ್ನನ್ನ ಒಂದು ಸಲ ಕೇಳಲಿಲ್ಲ. ನೀನು ಹೇಳಲಿಲ್ಲ. ಥೂ ನಮ್ಮ ಜನ್ಮಕ್ಕೆ.

ಈಗ ನಿನಗೆ ಬೇಕಾದಷ್ಟು ಬಿಡುವಿದೆ. ಹೋಗು. ಹಣ್ಣಿನ ಬುಟ್ಟಿ ತಗೊಂಡು ಹೋಗಬೇಡ. ಸಮಜಾಯಿಷಿಯನ್ನೂ ತಗೊಂಡು ಹೋಗಬೇಡ. ಅವಳು ಹೇಳೋದನ್ನ ಕೂತು ಕೇಳಿಸಿಕೊಂಡು ಬಾ.

ಅಕ್ಕ

14 ಏಪ್ರಿಲ್ 1986

ಅಕ್ಕಾ,

ಹೋಗಿದ್ದೆ. ಮೊದಲ ಎರಡು ಸಲ ಸೈಕಲ್ ಅಂಗಡಿಯವರೆಗೆ ಹೋಗಿ ವಾಪಸು ಬಂದೆ. ಮೂರನೇ ಸಲ ಹತ್ತಿದೆ.

ಅವಳು ಗುರುತು ಹಿಡಿದಳು. ಒಳಗೆ ಕರೆಯಲಿಲ್ಲ, ಹೋಗಿ ಅಂತಲೂ ಹೇಳಲಿಲ್ಲ. ನೆಲದ ಮೇಲೆ ಹಾಳೆ ಹರಡಿಕೊಂಡು ಎಡಗೈಯಲ್ಲಿ ಬರೀತಾ ಕೂತಿದ್ದಳು. ಸಮಿತಿಗೆ ತನ್ನ ಹೇಳಿಕೆ. ನೀನು ಬಂದು ಹೋದ ಮೇಲೆ ಎಡಗೈಯಲ್ಲಿ ಅಭ್ಯಾಸ ಶುರುಮಾಡಿದಳಂತೆ. ಹಾಳೆ ಜಾರ್ತಿತ್ತು. ಬಲಗೈಯ ಮಣಿಕಟ್ಟಿನಿಂದ ಒತ್ತಿ ಹಿಡಿಯೋಕೆ ನೋಡ್ತಿದ್ದಳು. ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ, ಹಲ್ಲು ಕಚ್ಚಿಕೊಂಡಿದ್ದಳು.

ಹೊಸ್ತಿಲು ದಾಟಿ ಕೂತು ನಾನು ಹಾಳೆ ಹಿಡಿದುಕೊಂಡೆ. ಬೇಡ ಅನ್ನಲಿಲ್ಲ.

ಅಕ್ಷರ ದೊಡ್ಡವು, ಸೊಟ್ಟ. ತಲೆಕೆಳಗಾಗಿ ಓದ್ತಾ ಹೋದೆ. ಹಾಳೆ ಹರಿದದ್ದು, ಮೂರು ಸಲ ಸಿಕ್ಕಿಸಿದ್ದು. ಆಮೇಲೆ ಈ ಸಾಲು ಬಂತು: 'ಹಾಳೆ ಹರಿದಾಗ ಯಂತ್ರ ನಿಲ್ಲಿಸಬೇಕು ಅಂತ ಮೊದಲು ನಿಯಮ ಇತ್ತು. ಡಿಸೆಂಬರಿನಿಂದ ನಿಲ್ಲಿಸಬೇಡಿ, ಓಡುವಾಗಲೇ ಸಿಕ್ಕಿಸಿ ಅಂತ ಹೇಳಿದರು.'

ಇದನ್ನ ನಾನು ಸಮಿತಿಗೆ ಬರೆದುಕೊಟ್ಟಿರಲಿಲ್ಲ. ನಿನಗೂ ಹೇಳಿರಲಿಲ್ಲ. ನಾನೇ ಕೊಟ್ಟ ಬಾಯಿಮಾತಿನ ಆದೇಶ, ಎಲ್ಲೂ ಸಹಿ ಇಲ್ಲ, ಯಾರೂ ಕೇಳೋದಿಲ್ಲ ಅಂದುಕೊಂಡಿದ್ದೆ.

ಅವಳು ಪೆನ್ನು ಎತ್ತಿ ನನ್ನ ಮುಖ ನೋಡಿದಳು. 'ನಿಮ್ಮ ಹುದ್ದೆಗೆ ಏನಂತ ಬರೀಬೇಕು? ನಾವೆಲ್ಲ ದೊಡ್ಡ ಇಂಜಿನಿಯರ್ ಅಂತಿದ್ವಿ.'

'ಮುಖ್ಯ ನಿರ್ವಹಣಾ ಇಂಜಿನಿಯರ್' ಅಂದೆ. 'ಮುಖ್ಯ'ದ ಒತ್ತಕ್ಷರ ಸುಲಭವಾಗಿ ಬಂತು. 'ನಿರ್ವ'ದ ಹತ್ತಿರ ಕೈ ತಡವರಿಸಿತು. ಒಂದೊಂದೇ ಅಕ್ಷರ ಹೇಳಿದೆ. ಬರೆದಳು. ನಾನು ಹಾಳೆ ಹಿಡಿದುಕೊಂಡೇ ಇದ್ದೆ.

'ಹೆಸರು?' ಅಂದಳು.

ಹೇಳಿದೆ.

ತಮ್ಮ